ಅವಳಿ ಮಕ್ಕಳಿಗೆ ಪಾಟಿ ಚೇರ್ ತಗೊಳ್ಳೋದಾ, ಕಮೋಡ್ ಮೇಲಿಡುವ ಸೀಟ್ ಸಾಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಅವಳಿಗಳಿಗೆ ಎರಡು ವರ್ಷ ದಾಟಿದೆ. ಡೈಪರ್ ಬಿಡಿಸಬೇಕು. ಮನೆಯಲ್ಲಿ ಟಾಯ್ಲೆಟ್ ಒಂದೇ, ಹಗಲು ಹೊತ್ತು ಮಕ್ಕಳ ಜೊತೆ ಇರುವುದು ನೀವೊಬ್ಬರೇ. ಎರಡು ಪಾಟಿ ಚೇರ್, ಅಂದರೆ ನೆಲದ ಮೇಲಿಟ್ಟು ಮಗುವನ್ನು ಕೂರಿಸುವ ಪುಟ್ಟ ಕಮೋಡ್, ತಂದು ಮನೆ ತುಂಬಿಸಿಕೊಳ್ಳುವುದೋ, ಕಮೋಡ್ ಮೇಲೆ ಇಡುವ ಚಿಕ್ಕ ಸೀಟ್ ಒಂದನ್ನು ತಂದು ಇಬ್ಬರಿಗೂ ಅದರಲ್ಲೇ ಕಲಿಸುವುದೋ ಅಂತ ಕೇಳಿದ್ದೀರಿ.

ಮೊದಲು ಎರಡು ಪಾಟಿ ತನ್ನಿ. ಸೀಟ್ ಆಮೇಲೆ, ಅದೂ ಒಂದೇ ಸಾಕು. ನನಗೂ ಅವಳಿಗಳೇ, ಒಂದು ಹೆಣ್ಣು ಒಂದು ಗಂಡು. ಈಗ ಇಬ್ಬರೂ ಶಾಲೆಗೆ ಹೋಗುತ್ತಾರೆ.

ಒಂದೇ ಮಗು ಇರುವವರು ಬೇರೆ ಉತ್ತರ ಕೊಡಬಹುದು. ನೇರವಾಗಿ ಕಮೋಡ್‌ನಲ್ಲೇ ಅಭ್ಯಾಸ ಮಾಡಿಸಿದರೆ ಮುಂದೆ ಪಾಟಿ ಬಿಡಿಸುವ ಇನ್ನೊಂದು ಕೆಲಸ ಇರಲ್ಲ, ತೊಳೆಯುವ ಗೋಳೂ ಇರಲ್ಲ ಅಂತಾರೆ. ಅವರ ಮಟ್ಟಿಗೆ ಅದು ಸರಿ. ಆದರೆ ಅವಳಿಗಳ ಮನೆಯಲ್ಲಿ ಲೆಕ್ಕ ಹಾಕಬೇಕಾದದ್ದು ಕೈಗಳನ್ನು. ಕಮೋಡ್ ನೆಲದಿಂದ ಸುಮಾರು 40 ಸೆಂಟಿಮೀಟರ್ ಎತ್ತರ ಇರುತ್ತದೆ. ಎರಡು ವರ್ಷದ ಮಗುವಿನ ಎತ್ತರವೇ 85 ಸೆಂಟಿಮೀಟರ್ ಆಸುಪಾಸು. ಅಂದರೆ ತನ್ನ ಅರ್ಧ ಎತ್ತರಕ್ಕೆ ಮಗು ಹತ್ತಬೇಕು, ತಿರುಗಬೇಕು, ಆಮೇಲೆ ಕೂರಬೇಕು. ಸ್ಟೂಲ್ ಇದ್ದರೂ ಶುರುವಿನಲ್ಲಿ ನಿಮ್ಮ ಎರಡೂ ಕೈ ಆ ಮಗುವಿನ ಮೇಲೇ ಇರುತ್ತವೆ. ಆ ಹೊತ್ತಿಗೆ ಇನ್ನೊಂದು ಮಗು ಎಲ್ಲಿದೆ, ಏನು ಮಾಡುತ್ತಿದೆ? ಪಾಟಿಯಾದರೆ ನೆಲಕ್ಕೆ ಹತ್ತಿರ. ಮಗು ತಾನೇ ಚಡ್ಡಿ ಇಳಿಸಿ ಕೂರುತ್ತದೆ, ತಾನೇ ಏಳುತ್ತದೆ. ನೀವು ಪಕ್ಕದಲ್ಲಿ ಕೂತು ನೋಡಿಕೊಂಡರೆ ಸಾಕು, ಒಟ್ಟಿಗೆ ಇಬ್ಬರನ್ನೂ.

ಒಟ್ಟಿಗೆ ಅಂದದ್ದು ಸುಮ್ನೆ ಅಲ್ಲ. ಊಟ ಮಾಡಿದ ಮೇಲೆ ಕರುಳು ತಾನಾಗಿಯೇ ಚುರುಕಾಗುತ್ತದೆ. ಹಾಗಾಗಿ ಊಟವಾಗಿ ಅರ್ಧ ಗಂಟೆಯೊಳಗೆ ಕಕ್ಕ ಬರುವ ಸಾಧ್ಯತೆ ಜಾಸ್ತಿ. ಅವಳಿಗಳು ತಿನ್ನುವುದೂ ಒಂದೇ ಹೊತ್ತಿಗೆ, ಮಲಗಿ ಏಳುವುದೂ ಒಂದೇ ಹೊತ್ತಿಗೆ, ಅಲ್ವಾ? ಅಂದಮೇಲೆ ಅವಸರ ಬರುವುದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಈ ವಯಸ್ಸಿನ ಮಗು ‘ಬಂತು’ ಅಂತ ಹೇಳುವಷ್ಟರಲ್ಲಿ ನಿಜವಾಗಿಯೂ ಬಂದೇಬಿಟ್ಟಿರುತ್ತದೆ. ಸಾಲಿನಲ್ಲಿ ನಿಲ್ಲು ಅಂದರೆ ನಿಲ್ಲುವ ವಯಸ್ಸಲ್ಲ. ಇರುವ ಒಂದೇ ಸೀಟ್ ಮೇಲೆ ಅಕ್ಕ ಕೂತಿದ್ದರೆ ತಮ್ಮನ ಚಡ್ಡಿ ಒದ್ದೆಯಾಗುವುದು ಖಂಡಿತ. ಅದಕ್ಕೆ ಅವನನ್ನು ಬೈಯುವ ಹಾಗೂ ಇಲ್ಲ.

ಎರಡು ಪಾಟಿಯಿಂದ ಇನ್ನೊಂದು ಲಾಭ ಇದೆ. ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡುತ್ತಾರೆ. ಈ ಒಂದು ವಿಷಯದಲ್ಲಿ ಅವಳಿ ಮಕ್ಕಳ ಅಪ್ಪ ಅಮ್ಮ ಬೇರೆಯವರಿಗಿಂತ ಅದೃಷ್ಟವಂತರು. ನಾವು ಹೇಳಿಕೊಟ್ಟರೆ ಕಿವಿಗೆ ಹೋಗದ್ದು ಜೊತೆಯ ಮಗು ಮಾಡಿ ತೋರಿಸಿದರೆ ತಲೆಗೆ ಹೋಗುತ್ತದೆ. ಇದರ ಜೊತೆಗೆ ತಂಟೆಯೂ ಬರುತ್ತದೆ ಅನ್ನಿ. ಒಬ್ಬರು ಕೂತಿರುವಾಗ ತಳ್ಳುವುದು, ಮತ್ತೊಬ್ಬರ ಪಾಟಿ ಎತ್ತಿ ತಂದು ಪ್ರದರ್ಶನ ಮಾಡುವುದು, ತಾನೇ ಸುರಿದು ಬರುತ್ತೇನೆಂದು ಹೊರಟು ದಾರಿಯಲ್ಲಿ ಚೆಲ್ಲುವುದು ಎಲ್ಲ ಇರುತ್ತದೆ. ಕಾರ್ಪೆಟ್ ಇದ್ದರೆ ಸುತ್ತಿ ಒಳಗಿಡಿ.

ಎರಡೂ ಒಂದೇ ಮಾದರಿ, ಒಂದೇ ಬಣ್ಣದವು ಇರಲಿ. ಬೇರೆ ಬೇರೆ ಬಣ್ಣದ್ದು ತಂದರೆ ಇಬ್ಬರಿಗೂ ಅದೇ ಒಂದು ಬೇಕಾಗುತ್ತದೆ. ಯಾವುದು ಯಾರದು ಅಂತ ಗುರುತಿಗೆ ಮಕ್ಕಳ ಕೈಯಿಂದಲೇ ಸ್ಟಿಕ್ಕರ್ ಅಂಟಿಸಿ. ಹಾಡು ಹೇಳುವ, ದೀಪ ಮಿನುಗುವ ಪಾಟಿ ಬೇಡ. ಅದು ಆಟದ ಸಾಮಾನಾಗುತ್ತದೆಯೇ ಹೊರತು ಕೆಲಸಕ್ಕೆ ಬರಲ್ಲ. ತಳ ಅಗಲವಾಗಿದ್ದು ಜಾರದ ಹಾಗೆ ರಬ್ಬರ್ ಇರಬೇಕು, ಒಳಗಿನ ಬಟ್ಟಲು ಸುಲಭವಾಗಿ ಮೇಲಕ್ಕೆ ಬರಬೇಕು. ಸಂದಿಗೊಂದಿ ಇರುವ ಪಾಟಿ ತೊಳೆಯುವುದು ದೊಡ್ಡ ಶಿಕ್ಷೆ. ಗಂಡು ಮಗುವಿಗೆ ಮುಂದೆ ಸಿಡಿಯದ ಹಾಗೆ ಒಂದು ತಡೆ ಇರುತ್ತದಲ್ಲ, ಅದು ತಗ್ಗಾಗಿ, ಅಂಚು ನುಣುಪಾಗಿ ಇರಲಿ. ಎತ್ತರವಾಗಿದ್ದರೆ ಕೂರುವಾಗ ಏಳುವಾಗ ತಾಗಿ ನೋವಾಗುತ್ತದೆ, ಆಮೇಲೆ ಮಗು ಆ ಪಾಟಿಯ ಹತ್ತಿರವೂ ಬರಲ್ಲ. ಅಂದಹಾಗೆ ಗಂಡು ಮಗುವಿಗೂ ಮೊದಲು ಕೂತೇ ಸುಸ್ಸು ಮಾಡಲು ಕಲಿಸಿ. ಸುಸ್ಸು, ಕಕ್ಕ ಎರಡೂ ಜೊತೆಗೇ ಬರುವ ವಯಸ್ಸು ಅದು. ನಿಂತು ಮಾಡುವುದನ್ನು ಮುಂದೆ ನೋಡಿ ಕಲಿಯುತ್ತಾರೆ.

ಪಾಟಿಯ ಪರವಾಗಿ ಇನ್ನೂ ದೊಡ್ಡ ಮಾತು ಪಾದದ್ದು. ಪಾಟಿಯಲ್ಲಿ ಪಾದ ಪೂರ್ತಿ ನೆಲದ ಮೇಲಿರುತ್ತದೆ, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲೆ ಬರುತ್ತದೆ. ಹೀಗೆ ಕೂತಾಗ ಮಲ ತಡೆದು ಹಿಡಿಯುವ ಸ್ನಾಯು ಸಡಿಲವಾಗುತ್ತದೆ, ಮುಕ್ಕಲು ಬಲವೂ ಸಿಗುತ್ತದೆ. ಕಮೋಡ್ ಮೇಲೆ ಕಾಲು ಜೋತುಬಿದ್ದಿದ್ದರೆ ಬೀಳದ ಹಾಗೆ ಕೂರುವುದೇ ಮಗುವಿಗೆ ದೊಡ್ಡ ಕೆಲಸ. ಮೈಯೆಲ್ಲ ಬಿಗಿ ಮಾಡಿಕೊಂಡಾಗ ಕಕ್ಕ ಹೇಗೆ ಬರಬೇಕು? ಬರದಿದ್ದರೆ ತಡೆದುಕೊಳ್ಳುತ್ತದೆ. ತಡೆದಷ್ಟೂ ಮಲ ಗಟ್ಟಿಯಾಗುತ್ತದೆ. ಗಟ್ಟಿಯಾದದ್ದು ಒಮ್ಮೆ ನೋವು ಕೊಟ್ಟರೆ ಮಗು ಹೆದರಿ ಇನ್ನೂ ತಡೆಯುತ್ತದೆ. ಡೈಪರ್ ಬಿಡಿಸುವ ಕೆಲಸ ಹೆಚ್ಚಾಗಿ ಕೆಡುವುದೇ ಇಲ್ಲಿ. ಮಲ ಗಟ್ಟಿಯಾಗಿ ಮಗು ಅಳುತ್ತಿದ್ದರೆ ಟ್ರೈನಿಂಗ್ ಅಲ್ಲಿಗೇ ನಿಲ್ಲಿಸಿ, ಮಕ್ಕಳ ಡಾಕ್ಟರ್‌ಗೆ ತೋರಿಸಿ, ಅದು ಸರಿಯಾದ ಮೇಲೆ ಮತ್ತೆ ಶುರು ಮಾಡಿ. ಸೀಟ್ ತಂದಾಗಲೂ ಕಾಲ ಕೆಳಗೆ ಸ್ಟೂಲ್ ಇರಲೇಬೇಕು ಅನ್ನುವುದು ಇದಕ್ಕೇ. ಅದು ಹತ್ತುವುದಕ್ಕಷ್ಟೇ ಅಲ್ಲ, ಪಾದ ಊರುವುದಕ್ಕೂ ಬೇಕು.

ತೊಳೆಯುವ ಕೆಲಸ ಪಾಟಿಯ ದೊಡ್ಡ ತೊಂದರೆ, ಇಲ್ಲ ಅನ್ನಲ್ಲ. ಎರಡು ಪಾಟಿ ಅಂದರೆ ಎರಡರಷ್ಟು. ಆಗಾಗಲೇ ಟಾಯ್ಲೆಟ್‌ಗೆ ಸುರಿದು, ಸೋಪು ಹಾಕಿ ತೊಳೆದು, ಒಣಗಿಸಿಡಿ. ಅಡುಗೆಮನೆಯ ಸಿಂಕ್‌ನಲ್ಲಿ ಮಾತ್ರ ಬೇಡ. ಒಬ್ಬರಿಗೆ ಬೇಧಿ ಶುರುವಾದರೆ ಇನ್ನೊಬ್ಬರಿಗೆ ಹರಡುವುದು ತುಂಬ ಸುಲಭ. ಆಗ ಯಾರ ಪಾಟಿ ಅವರಿಗೇ ಇರಲಿ, ತೊಳೆದ ಮೇಲೆ ಕ್ರಿಮಿನಾಶಕವನ್ನೂ ಬಳಸಿ. ಕೈ ತೊಳೆಯುವುದು ಮೂವರದ್ದೂ ಆಗಬೇಕು. ಹೆಣ್ಣು ಮಗುವಿಗೆ ಒರೆಸುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ.

ಸೀಟ್ ಯಾವಾಗ ತರಬೇಕು? ಇಬ್ಬರಲ್ಲಿ ಒಬ್ಬರಾದರೂ ಹಗಲು ಹೆಚ್ಚಾಗಿ ಒದ್ದೆ ಮಾಡಿಕೊಳ್ಳದೆ, ದೊಡ್ಡವರ ಕಮೋಡ್ ಕಡೆ ಕುತೂಹಲದಿಂದ ನೋಡಲು ಶುರು ಮಾಡಿದಾಗ. ಅಷ್ಟು ಹೊತ್ತಿಗೆ ಅವರಿಗೆ ಸ್ವಲ್ಪ ಕಾಯುವುದೂ ಬಂದಿರುತ್ತದೆ, ಅದಕ್ಕೇ ಒಂದು ಸಾಕು ಅಂದದ್ದು. ತರುವ ಮೊದಲು ನಿಮ್ಮ ಕಮೋಡ್ ದುಂಡಗಿದೆಯೋ ಉದ್ದಗಿದೆಯೋ ನೋಡಿ, ಅಳತೆ ತೆಗೆದುಕೊಳ್ಳಿ. ಸೀಟ್ ಒಮ್ಮೆ ಅಲ್ಲಾಡಿದರೆ ಸಾಕು, ಮಗುವಿಗೆ ಭಯ ಕೂತುಬಿಡುತ್ತದೆ. ಮೆತ್ತನೆಯ ಕುಶನ್ ಸೀಟ್‌ಗಳು ಹರಿದು ಒಳಗೆ ಸುಸ್ಸು ಇಳಿಯುತ್ತದೆ, ಗಟ್ಟಿ ಪ್ಲಾಸ್ಟಿಕ್ಕೇ ವಾಸಿ. ಏಣಿ ಅಂಟಿಕೊಂಡಿರುವ ಸೀಟ್ ಬರುತ್ತದೆ, ಮಕ್ಕಳು ಅದನ್ನು ಖುಷಿಯಿಂದ ಹತ್ತುತ್ತಾರೆ. ಆದರೆ ನಿಮ್ಮಲ್ಲಿ ಟಾಯ್ಲೆಟ್ ಒಂದೇ ಇರುವುದರಿಂದ ದೊಡ್ಡವರು ಹೋದಾಗಲೆಲ್ಲ ಅದನ್ನು ತೆಗೆದು ಮತ್ತೆ ಜೋಡಿಸಬೇಕು. ನಾನಾದರೆ ಬಿಡಿ ಸೀಟ್, ಬಿಡಿ ಸ್ಟೂಲ್ ಅಂತೀನಿ. ಪಾಟಿಯೂ ಅದೇ, ಸೀಟೂ ಅದೇ, ಸ್ಟೂಲೂ ಅದೇ ಅನ್ನುವ ಮೂರು ಕೆಲಸದ ಮಾದರಿ ಒಂದೇ ತಂದರೆ ಅವಳಿಗಳ ಮನೆಯಲ್ಲಿ ಉಪಯೋಗವಿಲ್ಲ. ಒಬ್ಬರಿಗೆ ಸೀಟ್ ಬೇಕಾದಾಗ ಇನ್ನೊಬ್ಬರಿಗೆ ಪಾಟಿ ಬೇಕಿರುತ್ತದೆ.

ಕಮೋಡ್ ಶುರುವಾದ ಮೇಲೆ ಮಗು ಇಳಿದ ನಂತರವೇ ಫ್ಲಶ್ ಮಾಡಿ. ಆ ಸದ್ದಿಗೆ ಹೆದರುವ ಮಕ್ಕಳು ತುಂಬ. ಮುಚ್ಚಳ ನಿಧಾನ ಇಳಿಯುವಂಥದ್ದಿದ್ದರೆ ಒಳ್ಳೆಯದು. ನಿಂತು ಸುಸ್ಸು ಮಾಡುವ ಗಂಡು ಮಗುವಿನ ಮೇಲೆ ಅದು ದಡಾರನೆ ಬಿದ್ದು ಪೆಟ್ಟಾಗುವುದುಂಟು. ಉಳಿದ ಹೊತ್ತು ಮುಚ್ಚಳ ಹಾಕಿರಲಿ, ಬಾತ್‌ರೂಮ್ ಬಾಗಿಲೂ ಮುಚ್ಚಿರಲಿ. ಚಿಕ್ಕ ಮಕ್ಕಳಿಗೆ ಸ್ವಲ್ಪ ನೀರೂ ಅಪಾಯವೇ.

ಕೊನೆಗೆ, ನೀವು ಕೇಳದ ವಿಷಯ ಒಂದಿದೆ. ಪಾಟಿ ಇಬ್ಬರಿಗೂ ಒಂದೇ ದಿನ ಕೊಡಿ. ಆದರೆ ಇಬ್ಬರ ಡೈಪರ್ ಒಂದೇ ದಿನ ಬಿಡಿಸಬೇಕಿಲ್ಲ. ಎರಡು ಗಂಟೆ ಒಣಗಿರುವುದು, ಡೈಪರ್ ಗಲೀಜಾದರೆ ಮುಖ ಸಿಂಡರಿಸುವುದು, ಚಿಕ್ಕ ಮಾತು ಕೇಳಿ ಅದರಂತೆ ಮಾಡುವುದು, ಇವೆಲ್ಲ ಯಾರಲ್ಲಿ ಕಾಣುತ್ತದೋ ಅವರದ್ದು ಮೊದಲು. ಹೆಚ್ಚಿನ ಮಕ್ಕಳಲ್ಲಿ ಇದು ಒಂದೂವರೆಯಿಂದ ಮೂರು ವರ್ಷದೊಳಗೆ ಕಾಣುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ ಅವಳಿಗಳಿಗೆ ಇನ್ನೂ ಸ್ವಲ್ಪ ಸಮಯ ಬೇಕಾಗಬಹುದು. ನಮ್ಮಲ್ಲಿ ಮಗಳು ಮೊದಲು ಕಲಿತಳು. ಮಗನಿಗೆ ಡೈಪರ್ ಎಷ್ಟು ಒದ್ದೆಯಾದರೂ ಬೇಜಾರೇ ಇರಲಿಲ್ಲ, ಆಟ ನಿಲ್ಲುತ್ತಿರಲಿಲ್ಲ. ಮನೆಗೆ ಬಂದವರೆಲ್ಲ ‘ಅಕ್ಕ ಜಾಣೆ, ನೀನ್ಯಾಕೋ ಹೀಗೆ’ ಅಂತ ಶುರು ಮಾಡುತ್ತಿದ್ದರು. ಆ ಮಾತು ಅವನ ಎದುರು ಆಡಬೇಡಿ ಅಂತ ನಾನು ಮುಲಾಜಿಲ್ಲದೆ ಹೇಳುತ್ತಿದ್ದೆ. ನಿಮ್ಮಲ್ಲೂ ಹೇಳುವವರು ಬರುತ್ತಾರೆ, ನೀವೂ ಹೇಳಿಬಿಡಿ.

ರಾತ್ರಿಯ ಡೈಪರ್ ಸದ್ಯಕ್ಕೆ ಇರಲಿ. ಐದು ವರ್ಷದವರೆಗೂ ಹಾಸಿಗೆ ಒದ್ದೆಯಾಗುವುದು ಸಾಮಾನ್ಯ, ಅದಕ್ಕೂ ಪಾಟಿಗೂ ಸಂಬಂಧವಿಲ್ಲ. ಹಗಲು ಚೆನ್ನಾಗಿ ಕಲಿತಿದ್ದ ಮಗು ಇದ್ದಕ್ಕಿದ್ದಂತೆ ಮತ್ತೆ ಮತ್ತೆ ಒದ್ದೆ ಮಾಡಿಕೊಂಡರೆ, ಸುಸ್ಸು ಮಾಡುವಾಗ ಉರಿ ಅಂದರೆ, ಸೋಂಕು ಇರಬಹುದು. ಆಗ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.