ಕ್ವಾರಿ ಧೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಪರಿಹಾರ ಸಿಗುತ್ತದೆಯೇ?

ನಿಮ್ಮ ಪ್ರಶ್ನೆ ಇದು: ಅಪ್ಪನಿಗೆ 45 ವರ್ಷ. ಹೊಳಲ್ಕೆರೆ ಕಡೆ ಕಲ್ಲು ಕ್ವಾರಿಯಲ್ಲಿ ಜಾಕ್‌ಹ್ಯಾಮರ್ ಹಿಡಿದು, ಆಮೇಲೆ ಅದೇ ಮಾಲೀಕರ ಜಲ್ಲಿ ಕ್ರಷರ್‌ನಲ್ಲಿ, ಒಟ್ಟು 18 ವರ್ಷ ದುಡಿದಿದ್ದಾರೆ. ಎರಡು ಸಲ ಟಿಬಿ ಮಾತ್ರೆ ಮುಗಿಸಿದರೂ ದಮ್ಮು ಇಳಿದಿಲ್ಲ, ಕೆಲಸ ಬಿಟ್ಟು ಎಂಟು ತಿಂಗಳಾಯಿತು. ಈಗ ಡಾಕ್ಟರು 'ಕಲ್ಲಿನ ಧೂಳು ಕೂತಿದೆ' ಅಂದಿದ್ದಾರೆ. ಅಂಗವಿಕಲರ ಕಾರ್ಡು ಮಾಡಿಸಿದರೆ ಏನಾದರೂ ಬರುತ್ತದೆಯೇ? ತಮ್ಮನೂ ಅದೇ ಕ್ವಾರಿಗೆ ಹೋಗುತ್ತಿದ್ದಾನೆ.

ಕಾರ್ಡಿನ ಹಿಂದೆ ಓಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸಿದೆ, ಶ್ವಾಸಕೋಶದ ಕಾಯಿಲೆ ಅದರಲ್ಲಿ ಇಲ್ಲ. ಯುಡಿಐಡಿ ಎಂಬ ಆ ಕಾರ್ಡಿಗೆ ಅಂತ ಅಲೆದಾಡುವಷ್ಟರಲ್ಲಿ ನಿಜವಾಗಿ ಸಿಗಬೇಕಾದ ದುಡ್ಡಿನ ಗಡುವು ಸರಿದುಹೋಗುತ್ತದೆ. ಆ ದುಡ್ಡು ಬರಬೇಕಾದದ್ದು ಮಾಲೀಕರಿಂದ, ಇಲ್ಲವೇ ಇಎಸ್ಐ ಎಂಬ ಕಾರ್ಮಿಕರ ರಾಜ್ಯ ವಿಮಾ ಯೋಜನೆಯಿಂದ.

1923ರ ನೌಕರರ ನಷ್ಟಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಇದೆ. ಸಿಲಿಕೋಸಿಸ್ (ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ), ಕಲ್ಲಿದ್ದಲು ಗಣಿಯವರಿಗೆ ಬರುವ ಆಂಥ್ರಕೋ-ಸಿಲಿಕೋಸಿಸ್, ಸಿಲಿಕೋಸಿಸ್ ಜೊತೆ ಸೇರಿಕೊಂಡ ಟಿಬಿ, ಮೂರೂ ಒಂದೇ ಸಾಲಿನಲ್ಲಿವೆ. ಪಟ್ಟಿಯಲ್ಲಿರುವ ಕಾಯಿಲೆ ಆ ಕೆಲಸದಲ್ಲಿ ಬಂದರೆ ಅದನ್ನು ಅಪಘಾತದ ಗಾಯ ಎಂದೇ ಕಾನೂನು ಪರಿಗಣಿಸುತ್ತದೆ. ಕೆಲಸದಿಂದ ಬಂದಿದ್ದಲ್ಲ ಎಂದು ಸಾಬೀತು ಮಾಡುವ ಹೊರೆ ಮಾಲೀಕರದ್ದು. 2025ರ ನವೆಂಬರ್ 21ರಿಂದ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಜಾರಿಗೆ ಬಂದಿದೆ, ಈ ವಿಷಯ ಅದರ ಏಳನೇ ಅಧ್ಯಾಯದಲ್ಲಿದೆ. ನಿಮ್ಮ ಅರ್ಜಿ ಯಾವುದರ ಕೆಳಗೆ ಹೋಗಬೇಕು ಅನ್ನುವುದನ್ನು ವಕೀಲರು ತಾರೀಖು ನೋಡಿ ಹೇಳುತ್ತಾರೆ. ನೀವು ಮಾತ್ರ ಹಳೇ ಕಾಯ್ದೆಯ ಎರಡು ವರ್ಷದ ಮಿತಿಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಿ. ಕಾಯಿಲೆಯಿಂದ ಕೆಲಸಕ್ಕೆ ಸತತವಾಗಿ ಹೋಗಲಾಗದ ಮೊದಲ ದಿನದಿಂದ ಎಣಿಕೆ ಶುರು. ತಡವಾದರೆ ಸರಿಯಾದ ಕಾರಣ ಕೊಟ್ಟು ಮನ್ನಾ ಕೇಳಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು. ಬಾಯಲ್ಲಿ ಹೇಳಿದ 'ಧೂಳು ಕೂತಿದೆ' ಯಾವ ಕೋರ್ಟಿನಲ್ಲೂ ನಡೆಯುವುದಿಲ್ಲ. ಚೀಟಿಯಲ್ಲಿ 'ಸಿಲಿಕೋಸಿಸ್' ಎಂಬ ಪದ, ತಾರೀಖು, ಕೆಲಸದ ವಿವರ ಮೂರೂ ಇರಬೇಕು. ಇಂಥ ಕೇಸುಗಳು ಬಿದ್ದುಹೋಗುವುದು ಹೆಚ್ಚಾಗಿ ಇಲ್ಲೇ. ಸಿಲಿಕೋಸಿಸ್‌ನ ಸಣ್ಣ ಗಂಟುಗಳು ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲೇ ಜಾಸ್ತಿ ಕಾಣುತ್ತವೆ, ಟಿಬಿ ಕಲೆಯೂ ಸಾಮಾನ್ಯವಾಗಿ ಅಲ್ಲೇ. ಕೆಮ್ಮು, ತೂಕ ಇಳಿಯುವುದು ಎರಡರಲ್ಲೂ ಇದೆ. ರೋಗಿ ಏನು ಕೆಲಸ ಮಾಡುತ್ತಾನೆ ಎಂದು ಕೇಳದೆ ಟಿಬಿ ಎಂದು ಬರೆದುಬಿಟ್ಟರೆ ಕಡತದಲ್ಲಿ ಕೊನೆಯವರೆಗೂ ಅದೇ ಉಳಿಯುತ್ತದೆ.

ಹಾಗಾಗಿ ಎದೆರೋಗ ತಜ್ಞರ ಹತ್ತಿರ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಎಲ್ಲಿ, ಡ್ರಿಲ್ ಹೊಡೆಯುವಾಗ ನೀರು ಬಿಡುತ್ತಿದ್ದರೋ ಒಣಗಿದ್ದೇ ಹೊಡೆಯುತ್ತಿದ್ದರೋ, ದಿನಕ್ಕೆ ಎಷ್ಟು ಗಂಟೆ. ಅದನ್ನು ಕೇಸ್ ಶೀಟಿಗೆ ಸೇರಿಸಲು ಕೇಳಿ. ಎದೆಯ ದೊಡ್ಡ ಎಕ್ಸ್‌ರೇ, ಎಚ್‌ಆರ್‌ಸಿಟಿ (ಎದೆಯ ಸೂಕ್ಷ್ಮ ಸ್ಕ್ಯಾನ್), ಸ್ಪೈರೋಮೆಟ್ರಿ (ಊದಿಸಿ ಉಸಿರಿನ ಸಾಮರ್ಥ್ಯ ಅಳೆಯುವ ಪರೀಕ್ಷೆ), ಕಫದ ಸಿಬಿನಾಟ್ (ಟಿಬಿ ಪತ್ತೆ ಮಾಡುವ ಪರೀಕ್ಷೆ), ಈ ನಾಲ್ಕು ಬೇಕು. ಎಕ್ಸ್‌ರೇಯನ್ನು ಐಎಲ್‌ಒ ವರ್ಗೀಕರಣದ (ಧೂಳಿನ ಕಾಯಿಲೆಯ ಎಕ್ಸ್‌ರೇ ಓದುವ ಅಂತರರಾಷ್ಟ್ರೀಯ ಕ್ರಮ) ಪ್ರಕಾರ ಓದಿ ಅಂಕಿ ಬರೆದುಕೊಟ್ಟರೆ ತುಂಬ ಬಲ. ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆ ಅಥವಾ ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಯಿಂದ ಶುರು ಮಾಡಿ. ಅಲ್ಲಿ ಖಚಿತವಾಗದಿದ್ದರೆ ಬೆಂಗಳೂರಿನ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆಗೆ ರೆಫರ್ ಮಾಡಿಸಿಕೊಳ್ಳಿ. ಹಳೇ ಫಿಲ್ಮುಗಳನ್ನು ಬಿಸಾಡಬೇಡಿ, ಟಿಬಿ ಕಾರ್ಡನ್ನೂ ಇಟ್ಟುಕೊಳ್ಳಿ. ಎರಡು ಸಲ ಮಾತ್ರೆ ನುಂಗಿಯೂ ಎಕ್ಸ್‌ರೇ ಬದಲಾಗಿಲ್ಲ ಅನ್ನುವುದೂ ಒಂದು ಸಾಕ್ಷಿ. ಕಫದಲ್ಲಿ ನಿಜವಾಗಿಯೂ ಟಿಬಿ ಸಿಕ್ಕರೆ ಮಾತ್ರೆ ನಿಲ್ಲಿಸಲೇಬೇಡಿ. ಸಿಲಿಕೋಸಿಸ್ ಇರುವವರಿಗೆ ಟಿಬಿ ಬೇಗ ತಗಲುತ್ತದೆ, ಅದರಿಂದ ಪರಿಹಾರದ ಹಕ್ಕು ಹೋಗುವುದಿಲ್ಲ.

ಡಾಕ್ಟರಿಂದ ಇನ್ನೂ ಒಂದು ಮಾತು ಬರೆಸಿಕೊಳ್ಳಬೇಕು. ಶ್ವಾಸಕೋಶದ ಸಾಮರ್ಥ್ಯ ಶೇಕಡಾ ಎಷ್ಟು ಕುಗ್ಗಿದೆ ಎಂಬುದು ಒಂದು, ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಗಿದೆ ಎಂಬುದು ಇನ್ನೊಂದು. ಪರಿಹಾರ ನಿಂತಿರುವುದು ಎರಡನೆಯದರ ಮೇಲೆ. ಉಸಿರು ಅರ್ಧ ಉಳಿದಿದ್ದರೂ ಜಾಕ್‌ಹ್ಯಾಮರ್ ಎತ್ತುವುದು ಸಾಧ್ಯವೇ ಇಲ್ಲದಿರಬಹುದು, ಅದನ್ನು ಅವರು ಸ್ಪಷ್ಟವಾಗಿ ಬರೆಯಲಿ.

ಲೆಕ್ಕ ಹೀಗೆ. ದಿನಗೂಲಿ 600 ಎಂದರೆ 26 ದಿನಕ್ಕೆ 15,600. ಆದರೆ 2020ರಿಂದ ಲೆಕ್ಕಕ್ಕೆ ಹಿಡಿಯುವ ಗರಿಷ್ಠ ತಿಂಗಳ ಕೂಲಿ 15,000. ಪೂರ್ತಿ ಶಾಶ್ವತ ಅಸಮರ್ಥತೆಯಾದರೆ ಅದರ ಶೇಕಡಾ 60, ಅಂದರೆ 9,000. ಅದನ್ನು ವಯಸ್ಸಿನ ಗುಣಕದಿಂದ ಗುಣಿಸಬೇಕು. 45 ವರ್ಷಕ್ಕೆ ಗುಣಕ 169.44. ಒಟ್ಟು 15,24,960 ರೂಪಾಯಿ. ದುಡಿಯುವ ಶಕ್ತಿ ಶೇಕಡಾ 40 ಹೋಗಿದೆ ಎಂದಾದರೆ 6,09,984. ಮಾಲೀಕರು ದುಡ್ಡು ಕೊಡಬೇಕಾದ ಗಡುವಿನೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡಾ 12 ಬಡ್ಡಿ, ಸಕಾರಣ ಇಲ್ಲದೆ ತಡಮಾಡಿದರೆ ಶೇಕಡಾ 50ರವರೆಗೆ ದಂಡ.

ಕ್ವಾರಿ ಮತ್ತು ಕ್ರಷರ್ ಒಬ್ಬರದೇ ಆದರೂ ಕಾನೂನಿಗೆ ಬೇರೆ ಬೇರೆ. ಕ್ವಾರಿ ಎಂದರೆ ಗಣಿ, ಹಳೇ ಇಎಸ್ಐ ಕಾಯ್ದೆಯಲ್ಲಿ ಅದು ಸೇರಿರಲಿಲ್ಲ. ಕ್ರಷರ್ ಕಾರ್ಖಾನೆ ಎಂದು ನೋಂದಣಿಯಾಗಿದ್ದರೆ ಇಎಸ್ಐ ಕಡಿತ ಆಗಿರಬಹುದು. ಅಪ್ಪನ ಹೆಸರಲ್ಲಿ ಇಎಸ್ಐ ನಂಬರ್ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಮೆಡಿಕಲ್ ಬೋರ್ಡ್ ಮೂಲಕ ತಿಂಗಳು ತಿಂಗಳು ದುಡ್ಡು ಬರುತ್ತದೆ, ಪೂರ್ತಿ ಅಸಮರ್ಥತೆಗೆ ಕೂಲಿಯ ಶೇಕಡಾ 90ರ ಲೆಕ್ಕದಲ್ಲಿ. ಅದೇ ಕಾಯಿಲೆಗೆ ಇಎಸ್ಐ, ಮಾಲೀಕರ ಪರಿಹಾರ ಎರಡನ್ನೂ ಪಡೆಯುವಂತಿಲ್ಲ.

ಕ್ವಾರಿಯವರು 'ಇವರು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ' ಅನ್ನುವುದು ಮಾಮೂಲು. ಹಾಜರಿ ಪುಸ್ತಕದಲ್ಲಿ ಹೆಸರು ಇಲ್ಲದಿದ್ದರೂ ಎದೆಗುಂದಬೇಡಿ. ಪಿಎಫ್ ಪಾಸ್‌ಬುಕ್, ಬ್ಯಾಂಕಿಗೆ ಬಂದ ಬಟವಾಡೆ, ತರಬೇತಿ ಪ್ರಮಾಣಪತ್ರ, ಮೇಸ್ತ್ರಿ ಬರೆದುಕೊಟ್ಟ ಚೀಟಿ, ಜೊತೆಯಲ್ಲಿ ದುಡಿದ ಇಬ್ಬರು ಮೂವರ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಟ್ಟ ಹೇಳಿಕೆ), ಎಲ್ಲವೂ ಆಗುತ್ತವೆ. ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಆರ್‌ಟಿಐ ಹಾಕಿ ಆ ಸರ್ವೆ ನಂಬರಿನ ಗುತ್ತಿಗೆ ಯಾರ ಹೆಸರಲ್ಲಿದೆ ಎಂದು ತೆಗೆಸಿ. ಕೂಲಿ ಕೊಟ್ಟವನು ಕಂಟ್ರಾಕ್ಟರ್ ಆದರೂ ಮೂಲ ಮಾಲೀಕರನ್ನು ಹೊಣೆ ಮಾಡಬಹುದು. ಗಣಿಯಲ್ಲಿ ಐದು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿ ದಾಖಲೆ ಇಡುವುದು ಕಡ್ಡಾಯ. ಆ ದಾಖಲೆಯ ನಕಲು ಕೊಡಿ ಎಂದು ಬರಹದಲ್ಲಿ ಕೇಳಿ, ಅದರ ಪ್ರತಿಯನ್ನು ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೂ ಕಳಿಸಿ. ತಪಾಸಣೆಯೇ ಮಾಡಿಸಿಲ್ಲ ಎಂದಾದರೆ ಅದು ಅವರ ತಪ್ಪು.

ಮಾಲೀಕರಿಗೆ ಮೊದಲು ಬರಹದಲ್ಲಿ ನೋಟಿಸ್ ಕೊಡಿ, ಸ್ಪೀಡ್ ಪೋಸ್ಟ್ ರಸೀದಿ ಜೋಪಾನ. ವಕೀಲರ ಫೀಸಿಗೆ ಸಾಲ ಮಾಡಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ, ಕಾರ್ಮಿಕರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ನೋಟಿಸ್ ತಲುಪಿದ ಮೇಲೆ ಯಾರಾದರೂ ಮನೆಗೆ ಬಂದು ಇಪ್ಪತ್ತೋ ಐವತ್ತೋ ಸಾವಿರ ಕೈಗಿಟ್ಟು ಬಾಂಡ್ ಪೇಪರ್ ಮೇಲೆ ಹೆಬ್ಬೆಟ್ಟು ಕೇಳಬಹುದು. ದಯವಿಟ್ಟು ಒತ್ತಬೇಡಿ. ಹಕ್ಕು ಬಿಟ್ಟುಕೊಡುವ ಅಂಥ ಕರಾರು ಕಾನೂನಿನಲ್ಲಿ ಅನೂರ್ಜಿತ, ಆದರೂ ಅದನ್ನು ಕೋರ್ಟಿನಲ್ಲಿ ಬಿಡಿಸುವಷ್ಟರಲ್ಲಿ ವರ್ಷಗಳು ಹೋಗುತ್ತವೆ.

ನಿಮ್ಮ ತಮ್ಮನ ವಿಷಯ ನಾಳೆಗೆ ಹಾಕಬೇಡಿ. ಮುಖಕ್ಕೆ ಒದ್ದೆ ಟವೆಲ್ ಕಟ್ಟಿದರೆ ಕಣ್ಣಿಗೆ ಕಾಣುವ ಧೂಳು ನಿಲ್ಲುತ್ತದೆ. ಶ್ವಾಸಕೋಶದ ಆಳಕ್ಕೆ ಇಳಿದು ಗಾಯ ಮಾಡುವ ಕಣ ಕಣ್ಣಿಗೆ ಕಾಣುವುದೇ ಇಲ್ಲ, ಬಟ್ಟೆಯೊಳಗಿಂದ ನುಸುಳುತ್ತದೆ. ಡ್ರಿಲ್ ತುದಿಗೆ ನೀರಿನ ಪೈಪು ಇಲ್ಲದ ಕಡೆ ಅವನು ನಿಲ್ಲಬಾರದು. ಆದ ಗಾಯ ಯಾವ ಔಷಧಿಗೂ ಮಾಯುವುದಿಲ್ಲ, ಕೆಲಸ ಬಿಟ್ಟ ಮೇಲೂ ಬೆಳೆಯಬಹುದು. ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನವೇ ಅವನಿಗೂ ಎಕ್ಸ್‌ರೇ, ಸ್ಪೈರೋಮೆಟ್ರಿ ಮಾಡಿಸಿ, ಚೀಟಿಯಲ್ಲಿ ಕೆಲಸದ ಜಾಗ ಬರೆಸಿ, ಬೇರೆ ಕವರಿನಲ್ಲಿ ಇಡಿ.