ಅಡಿಕೆ ರೇಟಿನ ಪೇಪರ್ ಯಾಕೆ ವಾಪಸ್ ಬಂತು, ಇನ್ನು ಎಂತ ಮಾಡ್ಬಹುದು

ನಮಸ್ಕಾರ,

ಮೊದ್ಲು ವಿಷಯ ಹೇಳಿಬಿಡ್ತೇನೆ, ನಿಮ್ಮ ಪೇಪರನ್ನು ನಮ್ಮ ಇಕನಾಮಿಕ್ಸ್ ಜರ್ನಲಿಗೆ ನಾವು ತೆಗೊಳ್ಳುದಿಲ್ಲ. ರೆಫರಿಗಳಿಗೂ, ಅಂದ್ರೆ ಪೇಪರ್ ಓದಿ ಅಭಿಪ್ರಾಯ ಹೇಳುವ ಹೊರಗಿನ ತಜ್ಞರಿಗೂ, ಕಳಿಸ್ಲಿಲ್ಲ, ಎಡಿಟರ್ ಆಗಿ ನಾನೇ ಓದಿ ನಿಲ್ಲಿಸಿದ್ದು, ಡೆಸ್ಕ್ ರಿಜೆಕ್ಟ್ ಅಂತಾರಲ್ಲ ಅದು. ಆಫೀಸಿಂದ ನಿಮಗೆ ಇಂಗ್ಲಿಷಲ್ಲಿ ಎರಡು ಸಾಲಿನ ಮೇಲ್ ಬಂದಿರ್ತದೆ, ಅದ್ರಲ್ಲಿ ಕಾರಣ ಎಂತದ್ದೂ ಇರುದಿಲ್ಲ. ನೀವು ಕವರ್ ಲೆಟರಿನ ಕೊನೆಗೆ, ರಿಜೆಕ್ಟ್ ಆದ್ರೆ ಯಾಕೆ ಅಂತ ತಿಳಿಸಿ, ಕಾಸರಗೋಡಿನ ಬದಿಯಡ್ಕದಲ್ಲಿ ಕೂತವರಿಗೆ ಇದನ್ನೆಲ್ಲ ಹೇಳಿಕೊಡುವವರು ಯಾರೂ ಇಲ್ಲ ಅಂತ ಬರ್ದಿದ್ರಿ. ಅದನ್ನು ಓದಿದ ಮೇಲೆ ಸುಮ್ಮನೆ ಕೂರ್ಲಿಕ್ಕೆ ಆಗ್ಲಿಲ್ಲ, ಅದಕ್ಕೆ ಈ ಪತ್ರ, ಸ್ವಲ್ಪ ಉದ್ದ ಆಗ್ತದೆ.

ನಿಮ್ಮ ಪೇಪರ್ ಹೇಳುದು ಇಷ್ಟು: ಕಾಸರಗೋಡು, ಪುತ್ತೂರು, ಮಂಗಳೂರು ಈ ಮೂರು ಕಡೆಯ ಚಾಲಿ ಅಡಿಕೆಯ (ಬಿಸಿಲಿಗೆ ಒಣಗಿಸಿ ಸುಲಿದದ್ದು) ತಿಂಗಳ ರೇಟು 2012ರಿಂದ 2024ರ ತನಕ ತೆಗೊಂಡದ್ದು, ಒಂದನ್ನು ಇನ್ನೊಂದರ ಮೇಲೆ ರಿಗ್ರೆಶನ್ ಹಾಕಿದ್ದು, ಅಂದ್ರೆ ಒಂದು ರೇಟ್ ಬದಲಾದ್ರೆ ಇನ್ನೊಂದು ಎಷ್ಟು ಬದಲಾಗ್ತದೆ ಅಂತ ಲೆಕ್ಕ ಹಾಕಿದ್ದು, ಆ ಲೆಕ್ಕ ಎಷ್ಟು ಕೂಡಿ ಬಂತು ಅಂತ ಹೇಳುವ ಆರ್ ಸ್ಕ್ವೇರ್ 0.97 ಬಂತು, ಹಾಗಾಗಿ ಮೂರೂ ಒಂದೇ ಮಾರ್ಕೆಟ್, ರಾಜ್ಯಕ್ಕೆ ಗಡಿ ಇದ್ರೂ ಅಡಿಕೆ ರೇಟಿಗೆ ಗಡಿ ಇಲ್ಲ. ತೀರ್ಮಾನ ಸರಿ ಇರ್ಲಿಕ್ಕೂ ಸಾಕು. ಆದ್ರೆ ನೀವು ತೋರಿಸಿದ್ದರಿಂದ ಅದು ಸಾಬೀತಾಗುದಿಲ್ಲ.

ಆ 0.97 ಉಂಟಲ್ಲ, ಅಬ್‌ಸ್ಟ್ರಾಕ್ಟಲ್ಲಿ ಎರಡು ಸಲ, ಕೊನೆಗೆ ಇನ್ನೊಂದು ಸಲ ಬಂದಿದೆ, ಅದೇ ನನಗೆ ಮೊದಲ ಸಂಶಯ. ನಿಮ್ಮದೇ ಟೇಬಲಲ್ಲಿ ಅದರ ಕೆಳಗೆ ಡರ್ಬಿನ್-ವಾಟ್ಸನ್ (ಒಂದು ತಿಂಗಳ ಲೆಕ್ಕದ ತಪ್ಪು ಮುಂದಿನ ತಿಂಗಳಿಗೂ ಅಂಟಿಕೊಂಡು ಹೋಗ್ತದಾ ಅಂತ ತೋರಿಸುವ ಅಳತೆ) 0.31 ಅಂತ ಉಂಟು, ಅದರ ಬಗ್ಗೆ ಒಂದು ಅಕ್ಷರ ಇಲ್ಲ. ಆರ್ ಸ್ಕ್ವೇರ್ ಡರ್ಬಿನ್-ವಾಟ್ಸನಿಗಿಂತ ದೊಡ್ಡದಿದ್ರೆ ಅಲ್ಲೇ ನಿಲ್ಲಬೇಕು. ಹನ್ನೆರಡು ವರ್ಷದಲ್ಲಿ ಒಟ್ಟಾರೆ ಮೇಲೆ ಹೋದ ಯಾವ ಎರಡು ರೇಟು ತೆಗೊಂಡ್ರೂ, ಅಡಿಕೆ ಮತ್ತೆ ಚಿನ್ನ ತೆಗೊಂಡ್ರೂ, ಇಂಥ ನಂಬರ್ ಬರ್ಬಹುದು. ಗ್ರೇಂಜರ್ ಮತ್ತೆ ನ್ಯೂಬೋಲ್ಡ್ 1974ರಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಸರಣಿಯಲ್ಲೂ ದೊಡ್ಡ ಸಂಬಂಧ ಇದ್ದ ಹಾಗೆ ಕಾಣ್ತದೆ ಅಂತ. ಮೊದ್ಲು ಯೂನಿಟ್ ರೂಟ್ ಟೆಸ್ಟ್, ಅಂದ್ರೆ ರೇಟು ಒಂದು ಮಟ್ಟಕ್ಕೆ ವಾಪಸ್ ಬರದೆ ಅಲೆದಾಡ್ತದಾ ಅಂತ ನೋಡುದು, ಮತ್ತೆ ಕೋಇಂಟಿಗ್ರೇಶನ್, ಅಂದ್ರೆ ಹಾಗೆ ಅಲೆದಾಡಿದ್ರೂ ಎರಡು ರೇಟು ಒಂದನ್ನೊಂದು ಬಿಟ್ಟು ದೂರ ಹೋಗುದಿಲ್ವಾ ಅಂತ ನೋಡುದು, ಆಮೇಲೆ ಮಾತು. ಇದು ಎಂಗಲ್ ಮತ್ತೆ ಗ್ರೇಂಜರ್ 1987ರಲ್ಲಿ ಬರೆದದ್ದು, 2003ರಲ್ಲಿ ಇಬ್ಬರಿಗೂ ನೊಬೆಲ್ ಬಂತು, ಈಗ ಎಂಎ ಪುಸ್ತಕದಲ್ಲೇ ಉಂಟು, ಹಾಗಾಗಿ ಇದನ್ನು ಬಿಟ್ಟ ಪೇಪರನ್ನು ಯಾವ ರೆಫರಿಯೂ ಎರಡನೇ ಪುಟ ತಿರುಗಿಸಿ ಓದುದಿಲ್ಲ.

ಆದ್ರೆ ಟೆಸ್ಟ್ ಹಾಕಿದ ಕೂಡ್ಲೇ ಎಲ್ಲ ಸರಿ ಆಗ್ತದೆ ಅಂತ ತಿಳ್ಕೊಳ್ಬೇಡಿ, ಇದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಉಂಟು. ನಿಮ್ಮ ಕಾಸರಗೋಡಿನ ರೇಟ್ ಎಲ್ಲಿಂದ ಬಂತು? ಪುತ್ತೂರು, ಮಂಗಳೂರಿನದ್ದು ಎಪಿಎಂಸಿ ಲೆಕ್ಕ ಅಂತ ಅಂದಾಜು ಮಾಡ್ಬಹುದು. ಕೇರಳದಲ್ಲಿ ಎಪಿಎಂಸಿ ಕಾಯ್ದೆಯೇ ಇಲ್ಲ, ಹಾಗಾಗಿ ಅಲ್ಲಿ ಅಂಥ ಲೆಕ್ಕದ ಪುಸ್ತಕ ಇರುದಿಲ್ಲ. ನೀವು ಟೇಬಲಿನ ಅಡಿಯಲ್ಲಿ 'ಮಾರುಕಟ್ಟೆ ಮೂಲಗಳು' ಅಂತ ಮಾತ್ರ ಹಾಕಿದ್ದೀರಿ. ಅದು ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ರೇಟ್ ಆಗಿದ್ರೆ ಇಡೀ ಪೇಪರೇ ಬಿದ್ದುಹೋಗ್ತದೆ. ಯಾಕೆ ಅಂದ್ರೆ ಕ್ಯಾಂಪ್ಕೋ 1973ರಲ್ಲಿ ಶುರುವಾದದ್ದೇ ಕರ್ನಾಟಕ ಕೇರಳ ಎರಡೂ ಕಡೆಯ ಬೆಳೆಗಾರರಿಗೋಸ್ಕರ, ಗಡಿಯ ಆಚೆ ಈಚೆ ಎರಡೂ ಕಡೆ ಖರೀದಿ ಮಾಡ್ತದೆ. ಒಂದೇ ಸಂಸ್ಥೆ ಎರಡೂ ಕಡೆ ರೇಟ್ ಹೇಳಿದ್ರೆ ಎರಡು ರೇಟ್ ಒಟ್ಟಿಗೆ ಹೋಗ್ಲೇಬೇಕು, ಅದ್ರಲ್ಲಿ ಮಾರ್ಕೆಟ್ ಒಂದಾದ ವಿಷಯ ಎಲ್ಲಿ ಬಂತು? ವಿದೇಶದಿಂದ ಬರುವ ಅಡಿಕೆದ್ದೂ ಇದೇ ಕತೆ. 2023ರ ಫೆಬ್ರವರಿಯಲ್ಲಿ ಆಮದು ಅಡಿಕೆಯ ಕನಿಷ್ಠ ಬೆಲೆ ಕಿಲೋಗೆ 251 ರೂಪಾಯಿ ಇದ್ದದ್ದನ್ನು 351 ಮಾಡಿದ್ರು, ಅಂಥ ಆರ್ಡರ್ ಬಂದ್ರೆ ಅದರ ಪರಿಣಾಮ ಮೂರೂ ಕಡೆ ಒಟ್ಟಿಗೇ ಬೀಳ್ತದೆ, ಕಾಸರಗೋಡಿಂದ ಮಂಗಳೂರಿಗೆ ಒಂದೇ ಒಂದು ಗೋಣಿ ಹೋಗದಿದ್ರೂ. ಮೂವರು ಒಂದೇ ಮಳೆಗೆ ಒದ್ದೆ ಆದ್ರೆ ಅವ್ರು ಒಟ್ಟಿಗೆ ಬಂದವ್ರು ಅಂತ ಹೇಳ್ಲಿಕ್ಕೆ ಆಗುದಿಲ್ಲ.

ಈಗ ನನಗೆ ಖುಷಿ ಆದ ವಿಷಯ. ಹತ್ತೊಂಬತ್ತನೇ ಪುಟದಲ್ಲಿ, 'ಇತರ ಅವಲೋಕನಗಳು' ಅನ್ನುವ ಕಡೆ, ನೀವು ಒಂದು ಪ್ಯಾರಾ ಬರ್ದಿದ್ದೀರಿ. ಬೆಳೆಗಾರ ಜೀಪಲ್ಲಿ ಗೋಣಿ ತಂದು ಅಂಗಡಿ ಎದುರು ಇಳಿಸ್ತಾನೆ, ವ್ಯಾಪಾರಿ ಗೋಣಿಯ ಬಾಯಿ ಬಿಚ್ಚಿ ಮೊಣಕೈ ತನಕ ಕೈ ಹಾಕಿ ಅಡಿಯಿಂದ ಒಂದು ಮುಷ್ಟಿ ತೆಗೀತಾನೆ, ನಾಲ್ಕು ಅಡಿಕೆ ತುಂಡು ಮಾಡಿ ಒಳಗಿನ ಬಣ್ಣ ನೋಡ್ತಾನೆ, ಇದ್ರಲ್ಲಿ ಇಷ್ಟು ಪಟೋರಕ್ಕೆ ಹೋಗ್ತದೆ, ಇಷ್ಟು ಕೋಕ (ಎರಡೂ ಕಡಿಮೆ ರೇಟಿನ ಗ್ರೇಡ್) ಅಂತಾನೆ, ಮತ್ತೆ ಪುತ್ತೂರಿಗೆ ಫೋನ್ ಮಾಡಿ ಇವತ್ತಿನ ರೇಟ್ ಕೇಳಿ, ಅದ್ರಿಂದ ಬಾಡಿಗೆ ಕಳೆದು, ಚೀಟಿ ಬರ್ದು ಕೊಡ್ತಾನೆ. ಇಡೀ ಮೂವತ್ತೊಂದು ಪುಟದಲ್ಲಿ ನಾನು ಎರಡೆರಡು ಸಲ ಓದಿದ್ದು ಇದೊಂದೇ ಪ್ಯಾರಾ. ನಿಮ್ಮ ಪೇಪರ್ ಇಲ್ಲಿಂದ ಶುರು ಆಗ್ಬೇಕಿತ್ತು, ನೀವು ಅದನ್ನು ಕೊನೆಗೆ ತೆಗ್ದುಹಾಕಿದ್ದೀರಿ.

ಯಾಕೆ ಅಂತ ಹೇಳ್ತೇನೆ. ದಿನಪತ್ರಿಕೆಯಲ್ಲಿ ಬರುವ ರೇಟ್ ಒಳ್ಳೆ ಹೊಸ ಅಡಿಕೆದ್ದು. ಬೆಳೆಗಾರನ ಕೈಗೆ ಬರುದು ಅದಲ್ಲ, ಆ ಗೋಣಿಯಲ್ಲಿ ಪಟೋರ ಎಷ್ಟು ಅಂತ ವ್ಯಾಪಾರಿ ಹೇಳಿದ್ರ ಮೇಲೆ ಅವನ ದುಡ್ಡು. ಗಡಿಯ ಎರಡು ಬದಿಯ ಬೋರ್ಡ್ ರೇಟ್ ಒಂದೇ ಇದ್ದು, ಗ್ರೇಡ್ ಮಾಡುವಲ್ಲಿ ಒಂದು ಬದಿ ಬಿಗಿ ಇದ್ರೆ? ಆಗ ಬೆಲೆಗೆ ಗಡಿ ಉಂಟು, ನಿಮ್ಮ ಡೇಟಾಕ್ಕೆ ಅದು ಕಾಣುದಿಲ್ಲ ಅಷ್ಟೇ. ಇದನ್ನು ದೆಹಲಿಯಲ್ಲಿ ಕೂತು ಸರ್ಕಾರದ ಮಾರ್ಕೆಟ್ ರೇಟಿನ ವೆಬ್‌ಸೈಟ್ ಅಗ್‌ಮಾರ್ಕ್‌ನೆಟ್ ಡೌನ್‌ಲೋಡ್ ಮಾಡುವವರಿಗೆ ಕೇಳ್ಲಿಕ್ಕೂ ಗೊತ್ತಾಗುದಿಲ್ಲ, ನಿಮಗೆ ಗೊತ್ತುಂಟು.

ಕಾಸರಗೋಡಿನಂಥ ಮೂಲೆಯ ಊರಿನ ವಿಷಯವನ್ನು ದೊಡ್ಡ ಜರ್ನಲ್ ತೆಗೊಳ್ತದಾ ಅಂತ ಕವರ್ ಲೆಟರಲ್ಲಿ ಕೇಳಿದ್ರಿ. ತೆಗೊಂಡಾಗಿದೆ. ರಾಬರ್ಟ್ ಜೆನ್ಸನ್ ಅನ್ನುವವರು ಬೂತಾಯಿ ಮೀನಿನ ರೇಟಿನ ಬಗ್ಗೆ ಬರೆದದ್ದು 2007ರಲ್ಲಿ ಕ್ವಾರ್ಟರ್ಲಿ ಜರ್ನಲ್ ಆಫ್ ಇಕನಾಮಿಕ್ಸಲ್ಲಿ ಬಂದಿದೆ, ಪ್ರಪಂಚದಲ್ಲೇ ಮೇಲಿನ ಸಾಲಿನ ಜರ್ನಲ್ ಅದು. ಡೇಟಾ ಎಲ್ಲಿದ್ದು ಗೊತ್ತುಂಟಾ, ಕೋಝಿಕ್ಕೋಡು, ಕಣ್ಣೂರು, ನಮ್ಮ ಕಾಸರಗೋಡು. ಮೊಬೈಲ್ ಫೋನು ಮೊದ್ಲು 1997ರಲ್ಲಿ ಕೋಝಿಕ್ಕೋಡಿಗೆ, ಮತ್ತೆ 1998ರಲ್ಲಿ ಕಣ್ಣೂರಿಗೆ, 2000ದಲ್ಲಿ ಕಾಸರಗೋಡಿಗೆ ಬಂತು. ಆ ಪೇಪರ್ ನಿಂತದ್ದೇ ಈ ಹಿಂದೆ ಮುಂದೆ ಆದದ್ದರ ಮೇಲೆ. ಫೋನ್ ಬರುವ ಮೊದ್ಲು ಒಂದು ಬೀಚಲ್ಲಿ ತೆಗೊಳ್ಳುವವರಿಲ್ಲದೆ ಮೀನು ಸಮುದ್ರಕ್ಕೆ ಚೆಲ್ಲುದು, ಹದಿನೈದು ಕಿಲೋಮೀಟರ್ ಆಚೆ ಮೀನಿಲ್ಲದೆ ಜನ ವಾಪಸ್ ಹೋಗುದು. ಫೋನ್ ಬಂದ ಮೇಲೆ ದೋಣಿಯವರು ಸಮುದ್ರದಿಂದಲೇ ರೇಟ್ ಕೇಳಿ ಎಲ್ಲಿ ಇಳಿಸ್ಬೇಕು ಅಂತ ಲೆಕ್ಕ ಹಾಕಿದ್ರು, ಬೀಚಿಂದ ಬೀಚಿಗೆ ಇದ್ದ ರೇಟಿನ ವ್ಯತ್ಯಾಸ ತುಂಬಾ ಕಡಿಮೆ ಆಯ್ತು, ಚೆಲ್ಲುದು ನಿಂತೇಹೋಯ್ತು, ಮೀನುಗಾರರ ಲಾಭ ಸುಮಾರು ಶೇಕಡಾ 8 ಜಾಸ್ತಿ ಆಯ್ತು, ತಿನ್ನುವವರಿಗೆ ರೇಟ್ ಶೇಕಡಾ 4 ಕಡಿಮೆ ಆಯ್ತು. ಕಣ್ಣೂರಲ್ಲಿ ಫೋನ್ ಬಂದಾಗ ಕಾಸರಗೋಡಲ್ಲಿ ಇನ್ನೂ ಬಂದಿರ್ಲಿಲ್ಲ, ಅಲ್ಲಿ ವ್ಯತ್ಯಾಸ ಇನ್ನೂ ಹಾಗೇ ಇತ್ತು, ಹಾಗಾಗಿ ಇದು ಫೋನಿಂದಲೇ ಆದದ್ದು ಅಂತ ಧೈರ್ಯದಲ್ಲಿ ಹೇಳ್ಲಿಕ್ಕೆ ಆಯ್ತು. ಮಾರ್ಕೆಟ್ ಒಂದಾಗುವ ವಿಷಯ, ಅದೂ ನಿಮ್ಮ ಜಿಲ್ಲೆಯದ್ದು, ನೀವು ಈ ಪೇಪರಿನ ಹೆಸರೇ ಎತ್ತಲಿಲ್ಲ. ರೆಫರಿಗೆ ಕಳಿಸಿದ್ರೆ ಅವರು ಕೇಳುವ ಮೊದಲ ಮಾತು ಅದೇ.

ಹಾಗಾದ್ರೆ ನಿಮ್ಮ ಅಡಿಕೆಗೆ ಆ ಮೊಬೈಲ್ ಫೋನ್ ಯಾವುದು? ನನ್ನ ಪ್ರಕಾರ ಎರಡು ಉಂಟು. ಒಂದು 2017ರ ಜುಲೈ 1. ಜಿಎಸ್‌ಟಿ ಬಂತು, ಎರಡು ರಾಜ್ಯದ ಬೇರೆಬೇರೆ ವ್ಯಾಟ್ ಹೋಯ್ತು, ರಾಜ್ಯ ದಾಟಿದ್ರೆ ಕಟ್ಟುವ ಸಿಎಸ್‌ಟಿ ಹೋಯ್ತು, ಮಂಜೇಶ್ವರದ ವಾಣಿಜ್ಯ ತೆರಿಗೆ ಚೆಕ್‌ಪೋಸ್ಟ್ ಹೋಯ್ತು. ಗಡಿ ನಿಜವಾಗಿ ಬೆಲೆಯ ಮೇಲೆ ಕೂತಿದ್ರೆ ಕಾಸರಗೋಡು-ಮಂಗಳೂರು ನಡುವಿನ ರೇಟಿನ ವ್ಯತ್ಯಾಸ ಆ ದಿನದ ನಂತ್ರ ಕಡಿಮೆ ಆಗ್ಬೇಕು, ಪುತ್ತೂರು-ಮಂಗಳೂರು ನಡುವಿನದ್ದು ಹಾಗೇ ಇರ್ಬೇಕು, ಅದು ಒಂದೇ ರಾಜ್ಯದ ಒಳಗೆ ಅಲ್ವಾ. ಇನ್ನೊಂದು 2020ರ ಮಾರ್ಚ್, ತಲಪಾಡಿಯಲ್ಲಿ ಗಡಿ ಮುಚ್ಚಿದ್ದು, ಒಳದಾರಿಗಳಿಗೆ ಲೋಡುಗಟ್ಟಲೆ ಮಣ್ಣು ಸುರಿದದ್ದು, ಕೋರ್ಟಿನ ತನಕ ಹೋದದ್ದು ನಿಮಗೆ ನಾನು ಹೇಳ್ಬೇಕಾಗಿಲ್ಲ. ಮೊದಲನೆಯದ್ರಲ್ಲಿ ಗಡಿ ತೆಳು ಆಯ್ತು, ಎರಡನೆಯದ್ರಲ್ಲಿ ಗೋಡೆ ಆಯ್ತು. ಮೊದಲನೆಯದ್ರಲ್ಲಿ ವ್ಯತ್ಯಾಸ ಕಡಿಮೆ ಆಗಿ, ಎರಡನೆಯದ್ರಲ್ಲಿ ಜಾಸ್ತಿ ಆದ್ರೆ ಅಂಥ ಪೇಪರನ್ನು ಪಕ್ಕಕ್ಕೆ ಇಡ್ಲಿಕ್ಕೆ ಯಾವ ಎಡಿಟರಿಗೂ ಮನಸ್ಸು ಬರ್ಲಿಕ್ಕಿಲ್ಲ. ಬದಲಾಗದಿದ್ರೂ ಬರೀರಿ, ತೆರಿಗೆ ಹೋದ್ರೂ ರೇಟಿನ ಅಂತರ ಹೋಗ್ಲಿಲ್ಲ ಅಂದ್ರೆ ಅದಕ್ಕೆ ಬೇರೆ ಕಾರಣ ಉಂಟು ಅಂತ ಆಯ್ತಲ್ಲ, ಬಹುಶಃ ಆ ಪಟೋರದ ಲೆಕ್ಕವೇ.

ತೊಡಕೂ ಉಂಟು, ಅದನ್ನು ನೀವೇ ಮೊದ್ಲು ಬರೀಬೇಕು, ರೆಫರಿ ಬರೆಯುವ ತನಕ ಕಾಯ್ಬಾರ್ದು. ಜಿಎಸ್‌ಟಿಗಿಂತ ಎಂಟು ತಿಂಗಳ ಮೊದ್ಲು, 2016ರ ನವೆಂಬರ್ 8ಕ್ಕೆ, ನೋಟ್ ಬ್ಯಾನ್ ಆಯ್ತು, ನಗದಲ್ಲಿ ನಡೆಯುವ ಅಡಿಕೆ ವ್ಯಾಪಾರಕ್ಕೆ ಅದು ಸಣ್ಣ ಪೆಟ್ಟಲ್ಲ, ಹಾಗಾಗಿ 'ಮೊದಲು' ಅನ್ನುವ ಕಾಲವನ್ನು ಎಲ್ಲಿಂದ ಲೆಕ್ಕ ಹಿಡೀತೀರಿ ಅಂತ ಯೋಚನೆ ಮಾಡಿ. 2020ರಲ್ಲಿ ಪುತ್ತೂರಲ್ಲೂ ಅಂಗಡಿ ಬಾಗಿಲು ಹಾಕಿತ್ತು, ವ್ಯಾಪಾರವೇ ಇಲ್ಲದ ವಾರದ ರೇಟನ್ನು ರೇಟ್ ಅಂತ ತೆಗೊಳ್ಬಾರ್ದು. ಮತ್ತೆ ತಿಂಗಳ ಸರಾಸರಿಯಲ್ಲಿ ಇದೆಲ್ಲ ಅಳಿಸಿಹೋಗ್ತದೆ, ವಾರದ್ದು ಬೇಕು, ದಿನದ್ದು ಸಿಕ್ಕಿದ್ರೆ ಇನ್ನೂ ಒಳ್ಳೇದು. ಅದು ಸಿಗುದು ನೀವು ಹತ್ತೊಂಬತ್ತನೇ ಪುಟದಲ್ಲಿ ಬರೆದ ಆ ಚೀಟಿಗಳಲ್ಲಿ! ಬೆಳೆಗಾರರ ಮನೆಯಲ್ಲಿ ಹಳೇ ಚೀಟಿಗಳನ್ನು ತಂತಿಗೆ ಚುಚ್ಚಿ ಇಟ್ಟದ್ದು ಇರ್ತದೆ, ತಾರೀಕು, ತೂಕ, ಗ್ರೇಡ್, ರೇಟ್ ಎಲ್ಲ ಉಂಟು. ಗಡಿಯ ಈಚೆ ಕೆಲವು ಮನೆ, ಆಚೆ ಕೆಲವು ಮನೆ, ಅಷ್ಟು ಸಿಕ್ಕಿದ್ರೆ ಬೇರೆ ಯಾರ ಹತ್ರವೂ ಇಲ್ಲದ ಡೇಟಾ ನಿಮ್ಮ ಹತ್ರ ಇರ್ತದೆ. ಹೆಸರು ಬರ್ಕೊಳ್ಬೇಡಿ, ಒಪ್ಪಿಗೆ ಕೇಳಿ ತೆಗೊಳ್ಳಿ, ವ್ಯಾಪಾರಿಗಳ ಹೆಸರನ್ನಂತೂ ಎಲ್ಲೂ ಹಾಕ್ಬೇಡಿ.

ಬರವಣಿಗೆ ಬಗ್ಗೆ ಒಂದೆರಡು ಮಾತು. ಮೊದಲ ನಾಲ್ಕು ಪುಟ ಅಡಿಕೆಯ ಪುರಾಣ, ತಾಂಬೂಲದ ಮಹತ್ವ, ಭಾರತ ಕೃಷಿಪ್ರಧಾನ ದೇಶ, ಇದೆಲ್ಲ ತೆಗೀರಿ, ಒಂದು ಸಾಲೂ ಬೇಡ. ಎಡಿಟರ್ ಓದುದು ಅಬ್‌ಸ್ಟ್ರಾಕ್ಟ್ ಮತ್ತೆ ಮೊದಲ ಎರಡು ಪುಟ, ಅಷ್ಟ್ರಲ್ಲಿ ಪ್ರಶ್ನೆ ಎಂತ, ಉತ್ತರ ಎಂತ, ಅದನ್ನು ಯಾಕೆ ನಂಬ್ಬೇಕು ಅಂತ ಬರದಿದ್ರೆ ಮುಗೀತು. ಅಬ್‌ಸ್ಟ್ರಾಕ್ಟ್ ನಿಮ್ಮದು ಒಂದೂವರೆ ಪುಟ ಉಂಟು, ಅಮೆರಿಕನ್ ಇಕನಾಮಿಕ್ ರಿವ್ಯೂ ಕೇಳುದು ನೂರು ಪದದ ಒಳಗೆ. ಇಕನಾಮಿಕ್ಸ್ ಪೇಪರಿನ ವಿಷಯ ಯಾವುದು ಅಂತ ತೋರಿಸುವ ಜೆಇಎಲ್ ಕೋಡ್ ಹಾಕ್ಲೇ ಇಲ್ಲ, ನಿಮ್ಮ ವಿಷಯಕ್ಕೆ ಕ್ಯೂ11, ಕ್ಯೂ13 ಸರಿಯಾಗ್ತದೆ, ರೆಫರಿ ಯಾರು ಅಂತ ಹುಡುಕುವಾಗ ಅದೇ ನೋಡುದು. ಹೆಸರಿಲ್ಲದ ಫೈಲ್ ಕಳಿಸಿ ಅಂದಿದ್ರೂ ಅಡಿಟಿಪ್ಪಣಿಯಲ್ಲಿ ನಿಮ್ಮ ಗೈಡ್ ಹೆಸರು, ಡಿಪಾರ್ಟ್‌ಮೆಂಟ್ ಎಲ್ಲ ಉಂಟು.

ಇನ್ನೊಂದು ಹೇಳುದಕ್ಕೆ ಬೇಜಾರಾಗ್ತದೆ, ಆದ್ರೂ ಹೇಳ್ಬೇಕು. ನಿಮ್ಮ ರೆಫರೆನ್ಸ್ ಪಟ್ಟಿಯಲ್ಲಿ ಎರಡು ಪೇಪರ್ ಎಲ್ಲಿ ಹುಡುಕಿದ್ರೂ ಸಿಗುದಿಲ್ಲ, ಆ ಜರ್ನಲಿನ ಆ ಸಂಚಿಕೆಯಲ್ಲಿ ಬೇರೆಯೇ ಲೇಖನ ಉಂಟು. ಎಐಯಲ್ಲಿ ಕೇಳಿ ಹಾಕಿದ್ದು ಅಂತ ಕಾಣ್ತದೆ. ಇಂಗ್ಲಿಷ್ ತಿದ್ಲಿಕ್ಕೆ ಅದನ್ನು ಬಳಸಿದ್ರೆ ನನ್ನ ತಕರಾರಿಲ್ಲ, ಜರ್ನಲಿನ ನಿಯಮ ನೋಡಿ ಬಳಸಿದ್ದೇನೆ ಅಂತ ಬರೀರಿ. ಆದ್ರೆ ಓದದ ಪೇಪರನ್ನು ಓದಿದ ಹಾಗೆ ಹಾಕುದು ಬೇರೆ ಎಂತದ್ದೂ ಅಲ್ಲ, ಸುಳ್ಳು. ಇದೊಂದೇ ಕಾರಣಕ್ಕೆ ನಿಮ್ಮ ಹೆಸರು ಒಬ್ಬ ಎಡಿಟರಿನ ನೆನಪಲ್ಲಿ ಶಾಶ್ವತ ಕೂತುಬಿಡ್ತದೆ. ಇಷ್ಟು ಒಳ್ಳೇ ಕಣ್ಣಿರುವ ನಿಮಗೆ ಹಾಗಾಗ್ಬಾರ್ದು ಅಂತ ಗಟ್ಟಿಯಾಗಿ ಹೇಳ್ತಾ ಇದ್ದೇನೆ.

ಅರ್ಜೆಂಟ್ ಉಂಟು, ದುಡ್ಡು ಕೊಟ್ರೆ ಹತ್ತು ದಿನದಲ್ಲಿ ಹಾಕುವ ಜರ್ನಲ್ ಉಂಟಂತೆ ಅಂತ ಬರ್ದಿದ್ರಿ. ಬೇಡ, ದಯವಿಟ್ಟು ಬೇಡ. ದೊಡ್ಡ ಜರ್ನಲ್‌ಗಳಲ್ಲೂ ಕೆಲವು ಸಬ್ಮಿಶನ್ ಫೀ ತೆಗೊಳ್ತವೆ, ಅದು ಓದ್ಲಿಕ್ಕೆ ತೆಗೊಳ್ಳುದು, ರಿಜೆಕ್ಟೂ ಮಾಡ್ತವೆ. ಹತ್ತು ದಿನದಲ್ಲಿ ಹಾಕುವವರು ಓದುದೇ ಇಲ್ಲ, ಅಲ್ಲಿ ಒಮ್ಮೆ ಹಾಕಿದ್ರೆ ಆ ಚೀಟಿಗಳ ಡೇಟಾ ಮತ್ತೆ ಒಳ್ಳೆ ಕಡೆ ಹೊಸದು ಅಂತ ಕೊಡ್ಲಿಕ್ಕೆ ಆಗುದಿಲ್ಲ. ಥೀಸಿಸ್ ಕೊಡುವ ಮೊದ್ಲು ಪೇಪರ್ ಕಡ್ಡಾಯ ಅನ್ನುದನ್ನು ಯುಜಿಸಿ 2022ರ ಪಿಎಚ್‌ಡಿ ನಿಯಮದಲ್ಲಿ ಬಿಟ್ಟಿದೆ, ನಿಮ್ಮ ಯೂನಿವರ್ಸಿಟಿ ತನ್ನದೇ ನಿಯಮ ಇಟ್ಟಿದೆಯಾ ಅಂತ ಆಫೀಸಲ್ಲಿ ಬರಹದಲ್ಲೇ ಕೇಳಿ, ಸೀನಿಯರ್ಸ್ ಹೇಳಿದ್ದನ್ನು ನಂಬಿ ಓಡ್ಬೇಡಿ. ಒಂದೇ ಪೇಪರನ್ನು ಎರಡು ಕಡೆ ಒಟ್ಟಿಗೆ ಕಳಿಸುದೂ ಬೇಡ, ಒಂದು ಕಡೆಯಿಂದ ಉತ್ತರ ಬಂದ ಮೇಲೆ ಇನ್ನೊಂದು ಕಡೆ. ತಿಂಗಳುಗಟ್ಟಲೆ ಆಗ್ತದೆ, ಇಕನಾಮಿಕ್ಸಲ್ಲಿ ಅದು ಮಾಮೂಲು.

ಹೊಸದಾಗಿ ಬರೆದ ಮೇಲೆ ನಮಗೇ ಕಳಿಸ್ಬೇಕು ಅಂತಿಲ್ಲ. ಮುಂಬೈಯ ಇಂಡಿಯನ್ ಜರ್ನಲ್ ಆಫ್ ಅಗ್ರಿಕಲ್ಚರಲ್ ಇಕನಾಮಿಕ್ಸ್ ಉಂಟು, ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಉಂಟು, ಎರಡರ ಹಳೇ ಸಂಚಿಕೆ ತೆಗ್ದು ಮಾರ್ಕೆಟ್ ಬಗ್ಗೆ ಬಂದ ಲೇಖನ ನಾಲ್ಕೈದು ಓದಿ, ಯಾವುದಕ್ಕೆ ನಿಮ್ಮದು ಹೊಂದ್ತದೆ ಅಂತ ನಿಮಗೇ ಗೊತ್ತಾಗ್ತದೆ. ನಮಗೆ ಕಳಿಸುದಾದ್ರೆ ಹಳೇ ಪೇಪರಿನ ನಂಬರ್ ಹಾಕಿ, ಎಂತೆಲ್ಲ ಬದಲಾಗಿದೆ ಅಂತ ಕವರ್ ಲೆಟರಲ್ಲಿ ಅರ್ಧ ಪುಟ ಬರೀರಿ, ಹೊಸ ಪೇಪರ್ ಅಂತಲೇ ನೋಡ್ತೇವೆ. ಅದಕ್ಕೂ ಮೊದ್ಲು ಆ ಚೀಟಿಗಳ ಫೋಟೋ ತೆಗ್ದಿಡಿ, ಈಗಲೇ. ನಮ್ಮ ಕಡೆಯ ಮಳೆಗಾಲಕ್ಕೆ ಶಾಯಿ ನಿಲ್ಲುದಿಲ್ಲ.