ಅಪ್ಪ ಕುಡಿಯುತ್ತಿದ್ದರೆ ಮಗನೂ ಕುಡುಕನಾಗ್ತಾನಾ?

ಅಪ್ಪ ದಿನಾ ಕುಡಿಯುತ್ತಿದ್ದರು, ನೀವು ಫ್ರೆಂಡ್ಸ್ ಜೊತೆ ವಾರಕ್ಕೊಮ್ಮೆ ಕುಡಿಯುತ್ತೀರಿ, ಮುಂದೆ ಅವರಂತೆಯೇ ಆಗ್ತೀನಾ ಅಂತ ಕೇಳಿದ್ದೀರಿ. ಆಗಲೇಬೇಕು ಅಂತೇನಿಲ್ಲ. ಆದರೆ ಒಂದು ಮಾತು ನಿಜ ಹೇಳಿ: ಉಳಿದವರು ತೂರಾಡುವ ಹೊತ್ತಿಗೂ ನೀವು ನೆಟ್ಟಗೇ ಇರುತ್ತೀರಾ?

ನಾನು ಇರುತ್ತಿದ್ದೆ. ನಮ್ಮಪ್ಪನದು ಸಾರಾಯಿ ಪ್ಯಾಕೆಟ್. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ಬಂದ್ ಆದಾಗ ಅಮ್ಮ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿದರು. ಅಪ್ಪ ವಾರದೊಳಗೆ ವಿಸ್ಕಿ ಕ್ವಾರ್ಟರ್ ಹಿಡಿದರು. ಖರ್ಚು ಜಾಸ್ತಿಯಾಯಿತು, ಅಷ್ಟೇ. ಅವರು ಲೂನಾಗೆ ಸ್ಟ್ಯಾಂಡ್ ಹಾಕುವ ಸದ್ದಿನಲ್ಲೇ ಇವತ್ತು ಎಷ್ಟಾಗಿದೆ ಅಂತ ನನಗೂ ತಂಗಿಗೂ ಗೊತ್ತಾಗುತ್ತಿತ್ತು. ಜನ್ಮದಲ್ಲಿ ಮುಟ್ಟಲ್ಲ ಅಂತ ಇಬ್ಬರೂ ಆಣೆ ಮಾಡಿದ್ದೆವು. ಅವಳು ಉಳಿಸಿಕೊಂಡಳು.

ನಾನು ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದೆ. 'ಇವನಿಗೆ ಕೆಪ್ಯಾಸಿಟಿ ಇದೆ ಗುರು' ಅನ್ನುತ್ತಿದ್ದರು ಗೆಳೆಯರು. ನನಗೂ ಒಳಗೊಳಗೇ ಜಂಬ. ಎಷ್ಟು ಕುಡಿದರೂ ಏನೂ ಆಗಲ್ಲ, ಅಂದಮೇಲೆ ನಾನು ಅಪ್ಪನ ತರ ಅಲ್ಲ ಅಂದುಕೊಂಡಿದ್ದೆ.

ಲೆಕ್ಕ ತಲೆಕೆಳಗಾಗಿತ್ತು. ಅಮೆರಿಕದ ಮನೋವೈದ್ಯ ಮಾರ್ಕ್ ಶುಕಿಟ್ ವಯಸ್ಸಿಗೆ ಬಂದ ಗಂಡುಮಕ್ಕಳಲ್ಲಿ ಕುಡುಕರ ಮಕ್ಕಳಿಗೂ ಬೇರೆಯವರ ಮಕ್ಕಳಿಗೂ ಒಂದೇ ಅಳತೆಯಲ್ಲಿ ಮದ್ಯ ಕೊಟ್ಟು ನೋಡಿದರು. ಅಮಲು ಕಡಿಮೆ ಏರಿದವರು ಬೇರೆಯವರ ಮಕ್ಕಳಿಗಿಂತ ಕುಡುಕರ ಮಕ್ಕಳಲ್ಲೇ ಜಾಸ್ತಿ ಇದ್ದರು. ಹಾಗೆ ಕಡಿಮೆ ಏರಿದವರೇ ವರ್ಷಗಳ ನಂತರ ಚಟಕ್ಕೆ ಬಿದ್ದದ್ದು ಜಾಸ್ತಿ. ಸಾಕು ಅಂತ ಮೈ ಹೇಳುವುದೇ ತಡವಾದರೆ ಕೈ ಯಾಕೆ ನಿಲ್ಲುತ್ತದೆ, ಅಲ್ವಾ?

ನಿಮಗೆ ಸಮಾಧಾನವಾಗುವ ಲೆಕ್ಕವೂ ಇದೆ. 1973ರಲ್ಲಿ ಡೆನ್ಮಾರ್ಕ್‌ನಲ್ಲಿ, ಕುಡುಕರಿಗೆ ಹುಟ್ಟಿ ಬೇರೆಯವರ ಮನೆಯಲ್ಲಿ ದತ್ತುಮಕ್ಕಳಾಗಿ ಬೆಳೆದ ಗಂಡುಮಕ್ಕಳನ್ನು ನೋಡಿದರು. ಚಟ ಹತ್ತಿದ್ದು ನೂರಕ್ಕೆ 18 ಮಂದಿಗೆ. ಉಳಿದ ದತ್ತುಮಕ್ಕಳಲ್ಲಿ ನೂರಕ್ಕೆ 5. ಮೂರೂವರೆ ಪಟ್ಟು ಹೆಚ್ಚು, ನಿಜ. ಆದರೂ 82 ಮಂದಿಗೆ ಹತ್ತಲಿಲ್ಲವಲ್ಲ.

ರಕ್ತದಲ್ಲಿ ಬಂದದ್ದು ಒಂದು ಕಡೆ, ನೋಡಿ ಕಲಿತದ್ದು ಇನ್ನೊಂದು. ಸಾಲ, ಜಗಳ, ಅವಮಾನ, ಏನೇ ಆದರೂ ಅಪ್ಪ ಬಾಟಲಿ ತೆಗೆಯುತ್ತಿದ್ದರು. ಮ್ಯಾನೇಜರ್ ಬೈದ ದಿನ ನಾನೂ ಸೀದಾ ಬಾರಿಗೆ ಹೋಗುತ್ತಿದ್ದೆ. ಒಬ್ಬನೇ. ಭಯವಾದದ್ದು ಅದು ಗೊತ್ತಾದ ಮೇಲೆ. ಬಿಟ್ಟು ಆರು ವರ್ಷವಾಯಿತು.

ನೀವು ವಾರಕ್ಕೊಮ್ಮೆ ಅನ್ನುತ್ತೀರಿ. ಹಾಗಾದರೆ ಎರಡು ತಿಂಗಳು ಸುಮ್ನೆ ನಿಲ್ಲಿಸಿ ನೋಡಿ. ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮಪ್ಪ ಇನ್ನೂ ದಿನಾ ಕುಡಿಯುತ್ತಿದ್ದರೆ ಮಾತ್ರ ಒಮ್ಮೆಲೇ ಬಿಡಿಸಲು ಹೋಗಬೇಡಿ. ಕೈನಡುಕ, ಫಿಟ್ಸ್ ಬರಬಹುದು. ಮೊದಲು ಡಾಕ್ಟರಿಗೆ ತೋರಿಸಿ.